ಒತ್ತಿ ಅತ್ತೆ, ಬಿಡಿ ಅತ್ತೆ

ಟೀಚರಮ್ಮ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರದ ಪಾಠ ಹೇಳಿ, ನಿವೃತ್ತಿಯಾಗಿ ಮನೆ ಸೇರಿ ಐದು ತಿಂಗಳಾಗಿತ್ತು. ಆ ಐದು ತಿಂಗಳಲ್ಲಿ ಮನೆಯ ನಾಲ್ಕೂ ಗಡಿಯಾರಗಳು ಒಂದೇ ಸಮಯ ತೋರಿಸುವುದನ್ನು ಕಲಿತಿದ್ದವು. ಫ್ರಿಜ್ಜಿನ ಬಾಗಿಲು ಕಿರುಗುಟ್ಟುವುದನ್ನು ನಿಲ್ಲಿಸಿತ್ತು. ಬಚ್ಚಲುಮನೆಯ ನಲ್ಲಿ ತೊಟ್ಟಿಕ್ಕುವ ಹಳೆಯ ಚಟವನ್ನು ಬಿಟ್ಟು ಸಭ್ಯಸ್ಥನಂತಾಗಿತ್ತು. ಇನ್ನು ರಿಪೇರಿಗೆಂದು ಮನೆಯಲ್ಲಿ ಉಳಿದಿದ್ದು ಗಂಡ, ಗಂಡನ ತಾಯಿ ಮತ್ತು ಪಿಕಪ್ ಗಾಡಿ. ಮೊದಲ ಇಬ್ಬರ ಆಸೆಯನ್ನು ಅವರು ಎಂದೋ ಕೈಬಿಟ್ಟಿದ್ದರು.

ಹಾಗಾಗಿ ಅಂದು ಬೆಳಗ್ಗೆ ಕಾಫಿ ಲೋಟ ಕೆಳಗಿಟ್ಟು, ತರಗತಿಗೆ ಪರೀಕ್ಷೆಯ ದಿನಾಂಕ ತಿಳಿಸುವ ಗಾಂಭೀರ್ಯದಿಂದ ಹೇಳಿದರು.

“ಇವತ್ತು ಗಾಡಿ ಬ್ರೇಕ್ ನಾನು ಸರಿ ಮಾಡ್ತೀನಿ.”

ಅವರ ಗಂಡ ಮರಗೆಲಸದವರು. ಬೀದಿಗೆಲ್ಲ ‘ಮೇಸ್ತ್ರಿ’ ಎಂದೇ ಪರಿಚಯ. ಮನೆಯ ಹಿಂದಿನ ಶೆಡ್ಡಿನಲ್ಲಿ ಕಪಾಟು, ಮೇಜು, ಮಂಚ ಮಾಡಿ, ಆ ನೀಲಿ ಪಿಕಪ್ಪಿನಲ್ಲಿ ಹೇರಿಕೊಂಡು ಹೋಗಿ ಕೊಟ್ಟು ಬರುವುದು ಅವರ ಬದುಕು. ಹೆಂಡತಿಯ ಘೋಷಣೆ ಕೇಳಿ ಅವರು ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು, ಅದನ್ನೊಮ್ಮೆ ನೋಡಿ, ಮತ್ತೆ ಅಲ್ಲೇ ಸಿಕ್ಕಿಸಿಕೊಂಡರು. ಮನಸ್ಸಿನಲ್ಲಿ ಬೇಡ ಅನ್ನಿಸಿದಾಗಲೆಲ್ಲ ಅವರು ಮಾಡುವ ಕೆಲಸ ಅದು.

ಗಾಡಿಗೆ ಮೂರು ವಾರದಿಂದ ಒಂದು ವಿಚಿತ್ರ ಕಾಯಿಲೆ. ಬ್ರೇಕ್ ಒತ್ತಿದರೆ ಹಿಡಿಯುತ್ತಿತ್ತು, ಅದರಲ್ಲಿ ದೂರಿಲ್ಲ. ಆದರೆ ಹಿಡಿದದ್ದನ್ನು ಬಿಡುತ್ತಿರಲಿಲ್ಲ. ಪೆಡಲಿನಿಂದ ಕಾಲು ತೆಗೆದು ಎಷ್ಟೋ ಹೊತ್ತಾದರೂ ಮುಂದಿನ ಬಲಗಡೆಯ ಚಕ್ರ ಹಲ್ಲು ಕಚ್ಚಿಕೊಂಡೇ ಇರುತ್ತಿತ್ತು. ಗಾಡಿ ನೇರ ಹೋಗೆಂದರೆ ಬಲಕ್ಕೆ ಎಳೆಯುತ್ತಿತ್ತು. ಸ್ವಲ್ಪ ದೂರ ಓಡಿಸಿದರೆ ಚಕ್ರದ ನಡುವಿನಿಂದ ಸುಟ್ಟ ವಾಸನೆ. ಬೀದಿಯ ಕೆಳತುದಿಯ ಮೆಕ್ಯಾನಿಕ್ ಒಮ್ಮೆ ಬ್ರೇಕಿನ ಪಟ್ಟಿಗಳನ್ನು ಬದಲಿಸಿದ್ದ, ಇನ್ನೊಮ್ಮೆ ಎಲ್ಲ ಬಿಚ್ಚಿ ಗ್ರೀಸ್ ಹಚ್ಚಿದ್ದ, ಮೂರನೆಯ ಸಲ ಕೈ ಒರೆಸಿಕೊಳ್ಳುತ್ತ, ಹಳೇ ಗಾಡಿ ಅಲ್ಲವೇ, ಹಠ ಜಾಸ್ತಿ ಎಂದು ವೇದಾಂತ ಹೇಳಿ ಕಳಿಸಿದ್ದ.

ಟೀಚರಮ್ಮನಿಗೆ ಉರಿ ಹತ್ತಿದ್ದು ಆ ಮಾತಿಗೇ. ಕಬ್ಬಿಣಕ್ಕೆ ಹಠ ಎಲ್ಲಿಯದು? ಕಬ್ಬಿಣಕ್ಕೆ ಇರುವುದು ಕಾರಣ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ, ಉದಾಹರಣೆ: ವಾಹನದ ಬ್ರೇಕು, ಚಿತ್ರ ಬರೆದು ಭಾಗಗಳನ್ನು ಗುರುತಿಸಿ. ಮೂವತ್ತೊಂದು ವರ್ಷ, ವರ್ಷಕ್ಕೆ ಮೂರು ತರಗತಿ. ಸೀಮೆಸುಣ್ಣದಲ್ಲಿ ಅವರು ಬರೆದ ಬ್ರೇಕುಗಳನ್ನೆಲ್ಲ ಜೋಡಿಸಿದರೆ ಒಂದು ರೈಲನ್ನೇ ನಿಲ್ಲಿಸಬಹುದಿತ್ತು. ಒಂದೇ ಒಂದನ್ನೂ ಕೈಯಿಂದ ಮುಟ್ಟಿ ನೋಡಿರಲಿಲ್ಲ ಎಂಬುದು ಮಾತ್ರ ಅವರ ಮನಸ್ಸಿನ ಮೂಲೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಮೇಸ್ತ್ರಿಗೆ ಅಂದು ಬೇರೆಯದೇ ತಲೆಬಿಸಿ. ಊರಿನ ವಾಚನಾಲಯಕ್ಕೆ ಗಾಜಿನ ಬಾಗಿಲಿನ ದೊಡ್ಡದೊಂದು ಪುಸ್ತಕದ ಕಪಾಟು ಮಾಡಿದ್ದರು. ಮರುದಿನ ಬೆಳಗ್ಗೆ ವಾಚನಾಲಯದ ಹೊಸ ಕೋಣೆ ತೆರೆಯುವುದಿತ್ತು. ಇಂದು ಸಂಜೆಯೊಳಗೆ ಕಪಾಟು ಅಲ್ಲಿ ನಿಂತಿರುತ್ತದೆ ಎಂದು ಮಾತು ಕೊಟ್ಟಿದ್ದರು. ಹೇಳಿದ ದಿನಕ್ಕೆ ಹೇಳಿದ ಸಾಮಾನು ಕೊಡುವುದರಲ್ಲಿ ಅವರು ಇಪ್ಪತ್ತೆರಡು ವರ್ಷದಿಂದ ತಪ್ಪಿದವರಲ್ಲ.

“ಬೋರ್ಡ್ ಮೇಲಿನ ಬ್ರೇಕ್ ಬೇರೆ, ರಸ್ತೆ ಮೇಲಿನ ಬ್ರೇಕ್ ಬೇರೆ ಕಣೇ,” ಅಂದರು ಮೆಲ್ಲಗೆ. “ನಾಲ್ಕು ಗಂಟೆಗೆ ನನಗೆ ಗಾಡಿ ಬೇಕು.”

“ಮೂರಕ್ಕೇ ಕೊಡ್ತೀನಿ. ಒಂದು ಗಂಟೆ ನಿಮಗೆ ಬೋನಸ್.”

ಗಾಡಿ ಮನೆಯ ಮುಂದೆಯೇ, ಮೂತಿ ಕೆಳಗೆ ಮಾಡಿ ನಿಂತಿತ್ತು. ಆ ಬೀದಿ ಪೂರ್ತಿ ಇಳಿಜಾರು. ಮೇಲಿನಿಂದ ಚೆಂಡು ಬಿಟ್ಟರೆ ಮೆಕ್ಯಾನಿಕ್ಕಿನ ಶೆಡ್ಡಿನ ತನಕ ಯಾರೂ ಕೇಳುವವರಿಲ್ಲದೆ ಹೋಗಿ ಸೇರುವಂಥ ಇಳಿಜಾರು. ಟೀಚರಮ್ಮನಿಗೆ ಅದು ಗೊತ್ತಿಲ್ಲದ್ದೇನಲ್ಲ. ಇಳಿಜಾರಿನ ಲೆಕ್ಕಗಳನ್ನು ಮಾಡಿಸಿಯೇ ಕೂದಲು ಹಣ್ಣಾದವರು. ಮೊದಲ ಕೆಲಸವಾಗಿ ಹ್ಯಾಂಡ್‌ಬ್ರೇಕನ್ನು ಟಕ ಟಕ ಟಕ ಎಂದು ಕೊನೆಯ ತನಕ ಎಳೆದರು. ಅಷ್ಟಕ್ಕೆ ಸಮಾಧಾನವಾಗದೆ, ಚಕ್ರದ ಅಡಿಗೆ ಇಡಲು ಏನಾದರೂ ಸಿಗುತ್ತದೆಯೇ ಎಂದು ಹಿಂದಿನ ಶೆಡ್ಡಿಗೆ ಹೋದರು. ಅಲ್ಲಿ ಬೆಂಚಿನ ಮೇಲೆ ನಾಲ್ಕು ಗಟ್ಟಿಮರದ ತುಂಡುಗಳು ಸಾಲಾಗಿ ಕೂತಿದ್ದವು. ಒಂದು ಬದಿ ದಪ್ಪ, ಇನ್ನೊಂದು ಬದಿ ಸಣ್ಣ, ನಡುವೆ ಚಂದದ ಇಳಿಜಾರು. ಗಾಡಿಯ ಚಕ್ರಕ್ಕೆ ಕೊಡಲೆಂದೇ ಯಾರೋ ಅಳತೆ ತೆಗೆದು ಮಾಡಿದ ಹಾಗಿದ್ದವು. ಮೇಸ್ತ್ರಿ ಆಗ ಗಾಜು ಕೂರಿಸುತ್ತ ಬೆನ್ನು ತಿರುಗಿಸಿ ನಿಂತಿದ್ದರು. ಟೀಚರಮ್ಮ ನಾಲ್ಕನ್ನೂ ಎತ್ತಿಕೊಂಡು ಬಂದು ಹಿಂದಿನ ಚಕ್ರಗಳಿಗೆ ಮುಂದೆರಡು, ಹಿಂದೆರಡು ಕೊಟ್ಟು ಬಿಗಿಮಾಡಿದರು.

ಬ್ರೇಕ್ ಪರೀಕ್ಷಿಸಲು ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು, ಒಬ್ಬರು ಹೊರಗೆ ಚಕ್ರ ನೋಡಬೇಕು. ಮನೆಯಲ್ಲಿ ಬಿಡುವಾಗಿದ್ದವರು ಅತ್ತೆ ಮಾತ್ರ. ಅತ್ತೆಗೆ ಎಂಬತ್ತು ತುಂಬಿತ್ತು, ಆದರೆ ಐವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲುಗಳು ಇನ್ನೂ ಮೂವತ್ತರ ಆಸುಪಾಸಿನಲ್ಲೇ ಇದ್ದವು. ತುಳಿಯುವ ಕೆಲಸ ಎಂದ ಕೂಡಲೇ ಅವರ ಮುಖ ಅರಳಿತು. ಬೆನ್ನಿಗೊಂದು ದಿಂಬು ಹಿಡಿದು, ಕನ್ನಡಕ ಸರಿಮಾಡಿಕೊಂಡು, ಚಾಲಕನ ಸೀಟಿಗೆ ಹತ್ತಿ ಕೂತು, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಟೀಚರಮ್ಮ ಜಾಕ್ ಕೊಟ್ಟು ಬಲಗಡೆಯ ಚಕ್ರ ಎತ್ತಿದರು. ಚಕ್ರ ಬಿಚ್ಚಿಟ್ಟರು. ಅಷ್ಟು ಮಾಡುವಷ್ಟರಲ್ಲಿ ಹತ್ತೂವರೆಯಾಗಿತ್ತು, ಒಂದು ಉಗುರು ಮುರಿದಿತ್ತು, ಆದರೂ ಒಳಗೊಳಗೇ ಏನೋ ಒಂದು ಗೆಲುವು. ಅವರು ಬೋರ್ಡಿನ ಮೇಲೆ ಬರೆಯುತ್ತಿದ್ದ ಚಿತ್ರವೇ ಕಪ್ಪು ಕೊಳೆ ಮೆತ್ತಿಕೊಂಡು ಎದುರಿಗೆ ಕೂತಿತ್ತು. ಹೊಳೆಯುವ ತಟ್ಟೆ, ಅದನ್ನು ಎರಡು ಕಡೆಯಿಂದ ಕಚ್ಚುವ ಹಿಡಿತ, ಹಿಡಿತಕ್ಕೆ ಎಣ್ಣೆ ತರುವ ರಬ್ಬರ್ ಪೈಪು. ಹಳೆಯ ವಿದ್ಯಾರ್ಥಿಯನ್ನು ಗುರುತಿಸಿದವರ ಹಾಗೆ ಅವರು ಪ್ರತಿಯೊಂದನ್ನೂ ಹೆಸರು ಹಿಡಿದು ಕರೆದರು.

“ಒತ್ತಿ ಅತ್ತೆ.”

ಅತ್ತೆ ಒತ್ತಿದರು.

“ಬಿಡಿ ಅತ್ತೆ.”

ಅತ್ತೆ ಬಿಟ್ಟರು. ತಟ್ಟೆ ಬಿಡಲಿಲ್ಲ. ಎರಡೂ ಕೈಯಲ್ಲಿ ತಿರುಗಿಸಿದರೂ ಮಿಸುಕಲಿಲ್ಲ. ಟೀಚರಮ್ಮನಿಗೆ ಬಹಳ ಸಂತೋಷವಾಯಿತು. ರೋಗಿಯೇ ನಾಲಿಗೆ ಚಾಚಿ ತೋರಿಸಿದ ಹಾಗೆ.

ಈಗ ವಿಚಾರಣೆ. ಆರೋಪಿಗಳು ಮೂವರು. ಪೆಡಲಿನ ಕಡೆಯ ಪಂಪು, ಚಕ್ರದ ಕಡೆಯ ಹಿಡಿತ, ನಡುವಿನ ರಬ್ಬರ್ ಪೈಪು. ಟೀಚರಮ್ಮ ಮೊದಲು ಪೈಪಿನ ಮೇಲ್ತುದಿಯ ಜೋಡಣೆಯನ್ನು ಸ್ವಲ್ಪ ಸಡಿಲಿಸಿದರು. ಎರಡು ಹನಿ ಎಣ್ಣೆ ಬಂತು, ತಟ್ಟೆ ಮಾತ್ರ ಹಾಗೇ ಬಿಗಿದುಕೊಂಡಿತ್ತು. ಅಂದರೆ ಪಂಪಿನ ಕಡೆ ಒತ್ತಡವೇ ಉಳಿದಿರಲಿಲ್ಲ. ಪಂಪು ನಿರಪರಾಧಿ. ಆ ಜೋಡಣೆ ಬಿಗಿಮಾಡಿ, ಹಿಡಿತದ ಮೇಲಿದ್ದ ಪುಟ್ಟ ತಿರುಪನ್ನು ಸಡಿಲಿಸಿದರು. ಅಲ್ಲಿ ಕೂಡಿಹಾಕಿದ್ದ ಎಣ್ಣೆ ಚಿಮ್ಮಿ ಅವರ ಕನ್ನಡಕದ ಎರಡೂ ಗಾಜುಗಳಿಗೆ ಅಭಿಷೇಕ ಮಾಡಿತು. ಕುರುಡಾಗಿ ಕೈಚಾಚಿ ತಟ್ಟೆಯನ್ನು ತಳ್ಳಿದರೆ, ಆಹಾ, ಗಿರ್ರನೆ ತಿರುಗಿತು. ಹಿಡಿತವೇ ತುಕ್ಕು ಹಿಡಿದು ಸಿಕ್ಕಿಕೊಂಡಿದ್ದರೆ ಹೀಗೆ ಬಿಡುತ್ತಿರಲಿಲ್ಲ. ಹಿಡಿತವೂ ನಿರಪರಾಧಿ. ಪೈಪಿನ ಮೇಲ್ತುದಿಯಲ್ಲಿ ಒತ್ತಡ ಇಲ್ಲ, ಕೆಳತುದಿಯಲ್ಲಿ ಇದೆ. ಹಾಗಾದರೆ ಅದನ್ನು ನಡುವೆ ತಡೆದವರು ಯಾರು?

ಮೆಕ್ಯಾನಿಕ್ ಮೂರು ಸಲ ಕೈ ಹಾಕಿ ಮೂರು ಸಲವೂ ಮುಟ್ಟದೆ ಬಿಟ್ಟ ಆ ಬಡಪಾಯಿ ರಬ್ಬರ್ ಪೈಪನ್ನು ಟೀಚರಮ್ಮ ಎರಡು ಬೆರಳಲ್ಲಿ ಹಿಡಿದು ನೋಡಿದರು. ಹೊರಗೆ ನೋಡಿದರೆ ಒಂದು ಬಿರುಕೂ ಇಲ್ಲ, ಸಂಭಾವಿತ. ತರಗತಿಯಲ್ಲಿ ಹೀಗೆ ಮುಖ ಇಟ್ಟುಕೊಂಡು ಕೂತವರೇ ಹಿಂದಿನಿಂದ ಕಾಗದದ ರಾಕೆಟ್ ಬಿಡುತ್ತಿದ್ದುದು ಅವರಿಗೆ ಗೊತ್ತಿತ್ತು.

ಬಿಚ್ಚಿದ ಪೈಪನ್ನು ಕಾಗದದಲ್ಲಿ ಸುತ್ತಿಕೊಂಡು ಬಿಡಿಭಾಗಗಳ ಅಂಗಡಿಗೆ ನಡೆದರು. ಅಂಗಡಿಯಾತ ಪೈಪು ನೋಡಿ, ಇದು ಚೆನ್ನಾಗೇ ಇದೆಯಲ್ಲ, ಬದಲಿಸಲು ಯಾರು ಹೇಳಿದರು ಎಂದು ಕೇಳಿದ. ನಾನೇ ಹೇಳಿದ್ದು ಎಂದರು ಟೀಚರಮ್ಮ. ಯಾವ ಗ್ಯಾರೇಜು ಎಂದು ಕೇಳಿದ. ಮನೆ ಎಂದರು. ಆತ ಮುಂದೆ ಏನನ್ನೂ ಕೇಳದೆ ಹೊಸ ಪೈಪು, ಒಂದು ಡಬ್ಬಿ ಬ್ರೇಕ್ ಎಣ್ಣೆ ತೆಗೆದು ಕೊಟ್ಟ. ಮನೆಗೆ ಬಂದವರೇ ಹಳೆಯ ಪೈಪನ್ನು ಉದ್ದಕ್ಕೆ ಸೀಳಿ ನೋಡಿದರು. ಒಳಗಿನ ರಬ್ಬರು ಊದಿಕೊಂಡು, ಒಂದು ಕಡೆ ಎದ್ದು, ದಾರಿಗೆ ಅಡ್ಡ ಮಲಗಿತ್ತು. ಸಂಶಯಕ್ಕೆ ಎಡೆಯೇ ಇಲ್ಲ. ಟೀಚರಮ್ಮ ಅದನ್ನು ಕಿಟಕಿಯಿಂದ ಅತ್ತೆಗೆ ತೋರಿಸಿ, ಒತ್ತಡ, ಕವಾಟ, ಏಕಮುಖ ಹರಿವು ಎಂದೆಲ್ಲ ಒಂದು ಪೂರ್ತಿ ಪಿರಿಯಡ್ಡಿನ ಪಾಠ ಮಾಡಿದರು. ಅತ್ತೆ ಪೈಪನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ “ಹೂಂ” ಅಂದರು.

ಹೊಸ ಪೈಪು ಹಾಕಿದ ಮೇಲೆ ಒಳಗೆ ಸೇರಿದ ಗಾಳಿಯನ್ನು ಹೊರಗೆ ಕಳಿಸಬೇಕು. ಒಳಗಿನವರು ಪೆಡಲ್ ಒತ್ತಿ ಹಿಡಿದಿರುವಾಗ ಹೊರಗಿನವರು ತಿರುಪು ಸಡಿಲಿಸಬೇಕು, ಗುಳುಗುಳು ಎಂದು ಗಾಳಿ ಬಂದ ಮೇಲೆ ಬಿಗಿಮಾಡಬೇಕು, ಆಮೇಲಷ್ಟೇ ಪೆಡಲ್ ಬಿಡಬೇಕು. ನಡುವೆ ಬಿಟ್ಟರೆ ಹೊರಟ ಗಾಳಿ ಹಿಂದಕ್ಕೆ ಬಂದು ಕೂರುತ್ತದೆ. ಮೊದಲನೆಯ ಸಲ ಅತ್ತೆ ಕಾಲು ನೋಯಿತೆಂದು ತಾವಾಗಿಯೇ ಬಿಟ್ಟುಬಿಟ್ಟರು. ಟೀಚರಮ್ಮನ ಬಾಯಿಂದ ಮೂವತ್ತೊಂದು ವರ್ಷದ ದನಿ ತಾನಾಗಿಯೇ ಹೊರಟಿತು.

“ಏನಂತ ಹೇಳಿದ್ದೆ? ಒತ್ತಿ ಅಂದ್ರೆ ಒತ್ತಬೇಕು. ಬಿಡಿ ಅನ್ನೋ ತನಕ ಬಿಡಬಾರದು. ಬಿಡಿ ಅಂದ ತಕ್ಷಣ ಬಿಡಬೇಕು. ಇಷ್ಟೇ ಅತ್ತೆ, ಇನ್ನೇನಿಲ್ಲ.”

ಅತ್ತೆ ಒಂದು ಕ್ಷಣ ಸೊಸೆಯನ್ನು ನೋಡಿದರು. ಐವತ್ತು ವರ್ಷ ಊರಿನವರ ಬಟ್ಟೆ ಹೊಲಿದು, ಒಂದೇ ಒಂದು ಹೊಲಿಗೆಯನ್ನೂ ಬಿಚ್ಚಿ ಮತ್ತೆ ಹಾಕಬೇಕಾಗಿ ಬಾರದವರು ಅವರು.

“ಸರಿ,” ಅಂದರು. “ಇನ್ನು ನನ್ನ ಕೆಲಸದಲ್ಲಿ ತಪ್ಪು ಹುಡುಕು, ನೋಡೋಣ.”

ಅಲ್ಲಿಂದ ಮುಂದೆ ಅತ್ತೆ ಯಂತ್ರವೇ ಆಗಿಹೋದರು. ಒತ್ತಿ ಅಂದರೆ ಒತ್ತಿದರು, ಬಿಡಿ ಅಂದರೆ ಬಿಟ್ಟರು. ಹನ್ನೆರಡು ಸಲ, ಹದಿನೈದು ಸಲ, ಇಪ್ಪತ್ತು ಸಲ. ಗುಳುಗುಳು ನಿಂತು ಎಣ್ಣೆ ಹೊಳೆಯುವ ನೂಲಿನ ಹಾಗೆ ಬಂತು. ತಟ್ಟೆ ಒತ್ತಿದರೆ ನಿಂತಿತು, ಬಿಟ್ಟರೆ ತಿರುಗಿತು. ಟೀಚರಮ್ಮ ಚಕ್ರ ಕೂರಿಸಿ, ಬೋಲ್ಟು ಬಿಗಿದು, ಜಾಕ್ ಇಳಿಸಿ ಹೊರಗೆ ತೆಗೆದರು. ಗಂಟೆ ಎರಡೂ ಮುಕ್ಕಾಲು. ಮುಖದ ಮೇಲೆ ಮೀಸೆಯ ಹಾಗೊಂದು ಗ್ರೀಸಿನ ಗೆರೆ, ಎದೆಯೊಳಗೆ ದೀಪಾಲಂಕಾರ. ಮೂವತ್ತೊಂದು ವರ್ಷ ಸೀಮೆಸುಣ್ಣದಲ್ಲಿ ಹೇಳಿದ ಮಾತು ಇವತ್ತು ಕಬ್ಬಿಣದಲ್ಲಿ ನಿಜವಾಗಿತ್ತು.

ಒಂದು ಕೊನೆಯ ಪರೀಕ್ಷೆ ಉಳಿದಿತ್ತು. ಅತ್ತೆಗೆ ಗಟ್ಟಿಯಾಗಿ ಒತ್ತಿ ಹಿಡಿಯಲು ಹೇಳಿ, ಎಲ್ಲಾದರೂ ಎಣ್ಣೆ ಜಿನುಗುತ್ತದೆಯೇ ಎಂದು ನೋಡಲು ಟೀಚರಮ್ಮ ಗಾಡಿಯ ಮುಂಭಾಗದ ಅಡಿಗೆ ತಲೆ ಹಾಕಿದರು.

ಅದೇ ಹೊತ್ತಿಗೆ ಮೇಸ್ತ್ರಿ ಹಿಂದಿನಿಂದ ಬಂದರು. ಕಪಾಟು ಸಿದ್ಧವಾಗಿತ್ತು, ಗಾಜು ಕೂತಿತ್ತು, ಬೀಗ ಕೂತಿತ್ತು. ನಿನ್ನೆ ಇಡೀ ದಿನ ಕೂತು ಕಡೆದು, ಉಜ್ಜಿ ನುಣುಪು ಮಾಡಿದ ಅದರ ನಾಲ್ಕು ಕಾಲುಗಳು ಮಾತ್ರ ಬೆಂಚಿನ ಮೇಲಿಂದ ಮಾಯವಾಗಿದ್ದವು. ಅರ್ಧ ಗಂಟೆ ಶೆಡ್ಡನ್ನೆಲ್ಲ ತಲೆಕೆಳಗು ಮಾಡಿ ಹುಡುಕಿದ ಮೇಲೆ ಅವು ಗಾಡಿಯ ಹಿಂದಿನ ಚಕ್ರಗಳ ಅಡಿಯಲ್ಲಿ ಕಣ್ಣಿಗೆ ಬಿದ್ದವು. ಅವರ ಎದೆಯೇ ಒಡೆಯಿತು. ಗಾಡಿ ಅಲುಗಾಡದೆ ನಿಂತಿತ್ತು, ಅತ್ತೆಯ ಕಾಲು ಬ್ರೇಕಿನ ಮೇಲಿತ್ತಲ್ಲ. ಅವರು ಒಂದೊಂದನ್ನೇ ಮೆಲ್ಲಗೆ ಎಳೆದು, ಮಣ್ಣು ಒರೆಸಿ, ಕೂಸಿನ ಹಾಗೆ ಕಂಕುಳಲ್ಲಿ ಇಟ್ಟುಕೊಂಡು, ಹೆಂಡತಿಗೆ ಒಂದು ಮಾತೂ ಹೇಳದೆ ಹೊರಟುಹೋದರು. ಸಿಟ್ಟು ಬಂದಾಗ ಮಾತಾಡಬಾರದೆಂಬುದು ಅವರು ಮದುವೆಯ ಮೊದಲ ವರ್ಷವೇ ಕಲಿತ ಪಾಠ.

ಟೀಚರಮ್ಮ ಎದ್ದು ನಿಂತರು. ಒಂದು ಹನಿಯೂ ಜಿನುಗಿರಲಿಲ್ಲ. ಪಕ್ಕಕ್ಕೆ ಸರಿದು, ಸೊಂಟದ ಮೇಲೆ ಕೈಯಿಟ್ಟು, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು.

“ಬಿಡಿ ಅತ್ತೆ.”

ಅತ್ತೆ ಬಿಟ್ಟರು. ಬ್ರೇಕೂ ಬಿಟ್ಟಿತು. ಕಿರುಕ್ ಎನ್ನದೆ, ಎಳೆಯದೆ, ಸುಟ್ಟ ವಾಸನೆ ಬರದೆ, ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಬಿಟ್ಟಿತು. ಟೀಚರಮ್ಮನ ಸಿದ್ಧಾಂತ ನೂರಕ್ಕೆ ನೂರು ಸರಿ ಎಂಬುದಕ್ಕೆ ಪುರಾವೆ ಅವರ ಕಣ್ಣೆದುರಿಗೇ ಹೊರಟು, ಅವರನ್ನು ದಾಟಿ, ಅತ್ತೆಯನ್ನೂ ಕರೆದುಕೊಂಡು, ಬೀದಿಯಲ್ಲಿ ಕೆಳಗಿಳಿಯತೊಡಗಿತು.

ಎರಡು ಕ್ಷಣ ಟೀಚರಮ್ಮ ಅದನ್ನು ಅಭಿಮಾನದಿಂದಲೇ ನೋಡಿದರು. ಮೂರನೆಯ ಕ್ಷಣದಲ್ಲಿ ಓಡಿದರು.

“ಒತ್ತಿ! ಅತ್ತೆ, ಒತ್ತಿ!”

ಅತ್ತೆ ಒತ್ತಿದರು. ಗಾಡಿ ಕ್ಷೌರದಂಗಡಿಯ ಎದುರಿಗೆ ಗಕ್ಕೆಂದು ನಿಂತಿತು. ಕಿಟಕಿಯಿಂದ ಅತ್ತೆಯ ಶಾಂತವಾದ ದನಿ ಬಂತು. “ಒತ್ತಿದೀನಿ.”

ಟೀಚರಮ್ಮ ಏದುಸಿರು ಬಿಡುತ್ತ ಗಾಡಿಯ ಬೆನ್ನು ಮುಟ್ಟುವಷ್ಟರಲ್ಲಿ ಕ್ಷೌರದವನು ಕತ್ತರಿ ಹಿಡಿದೇ ಹೊರಗೆ ಬಂದಿದ್ದ. ಅರ್ಧ ತಲೆ ಕತ್ತರಿಸಿಕೊಂಡ ಗಿರಾಕಿಯೂ ಬಂದ. ಕ್ಷೌರದವನು ಒಳ್ಳೆಯ ಮನುಷ್ಯ. ಟೀಚರಮ್ಮನ ಮುಖ ನೋಡಿ ಅವನಿಗೆ ಸಮಾಧಾನ ಹೇಳಬೇಕೆನ್ನಿಸಿತು.

“ಗಾಬರಿಯಾಗ್ಬೇಡಿ ಟೀಚರ್. ಯಾರಿಗೂ ಏನೂ ಆಗಿಲ್ವಲ್ಲ, ಬಿಡಿ.”

ಅತ್ತೆ ಬಿಟ್ಟರು.

ಗಾಡಿ ಮತ್ತೆ ಹೊರಟಿತು. ಟೀಚರಮ್ಮ ಮತ್ತೆ ಓಡಿದರು, ಕ್ಷೌರದವನು ಕತ್ತರಿಯ ಸಮೇತ ಓಡಿದ, ಅರ್ಧ ತಲೆಯವನೂ ಕೊರಳಿಗೆ ಕಟ್ಟಿದ ಬಿಳಿ ಬಟ್ಟೆ ಹಾರಾಡಿಸುತ್ತ ಓಡಿದ. ಬೇಕರಿಯ ಮುಂದೆ ಟೀಚರಮ್ಮನ “ಒತ್ತಿ” ಗಾಡಿಯನ್ನು ಮುಟ್ಟಿತು. ಗಾಡಿ ನಿಂತಿತು. ಒತ್ತಿದೀನಿ ಎಂದು ಅತ್ತೆ ವರದಿ ಒಪ್ಪಿಸಿದರು. ಬೇಕರಿಯ ಬಾಗಿಲಲ್ಲಿ ಸಾಲಾಗಿ ನಿಂತಿದ್ದವರ ನಡುವಿನಿಂದ ಊರಿನ ನರ್ಸಮ್ಮ ಮುಂದೆ ಬಂದರು. ಇಷ್ಟು ವಯಸ್ಸಾದವರನ್ನು ಡ್ರೈವಿಂಗಿಗೆ ಕೂರಿಸುವುದು ಯಾವ ನ್ಯಾಯ ಎಂದು ಅವರಿಗೆ ಸಂಕಟವಾಗಿತ್ತು.

“ಪಾಪ, ಅವರನ್ನ ಮೊದಲು ಕೆಳಗೆ ಇಳಿಯಕ್ಕೆ ಬಿಡಿ,” ಅಂದರು.

ಅತ್ತೆ ಬಿಟ್ಟರು. ಕಾಲನ್ನು.

ಮೂರನೆಯ ಸಲ ಗಾಡಿ ಹೊಲಿಗೆ ಸಾಮಾನಿನ ಅಂಗಡಿಯ ಎದುರಿಗೆ ನಿಂತಾಗ ಟೀಚರಮ್ಮನಿಗೆ ರೋಗದ ಮೂಲ ಹೊಳೆದಿತ್ತು. ಅಷ್ಟರಲ್ಲಿ ಹಿಂದೆ ಹದಿನೈದು ಇಪ್ಪತ್ತು ಜನ ಸೇರಿದ್ದರು. ಎಲ್ಲರ ಬಾಯಲ್ಲೂ ಒಳ್ಳೆಯ ಮಾತುಗಳು ತುದಿಗೆ ಬಂದು ನಿಂತಿದ್ದವು, ಆ ಒಳ್ಳೆಯ ಮಾತುಗಳಲ್ಲೇ ಅಪಾಯ ಇತ್ತು. ಅವರು ಎರಡೂ ಕೈ ಮೇಲೆತ್ತಿ ಇಡೀ ಬೀದಿಯನ್ನು ತರಗತಿಯ ಹಾಗೆ ಸುಮ್ಮನಾಗಿಸಿದರು. ಯಾರೂ ಆ ಒಂದು ಮಾತು ಆಡಕೂಡದು ಎಂದು ಅಪ್ಪಣೆ ಮಾಡಿದರು.

“ಯಾವ ಮಾತು ಟೀಚರ್?” ಕ್ಷೌರದವನು ಕೇಳಿದ.

ಪ್ರಶ್ನೆ ಕೇಳಿದವರಿಗೆ ಸ್ಪಷ್ಟ ಉತ್ತರ ಕೊಡುವುದು ಮೂವತ್ತೊಂದು ವರ್ಷದ ಅಭ್ಯಾಸ.

“ಬಿಡಿ ಅನ್ನೋ ಮಾತು,” ಅಂದರು ಟೀಚರಮ್ಮ.

ಉಳಿದ ಇಳಿಜಾರನ್ನು ಗಾಡಿ ಒಂದೇ ಉಸಿರಿಗೆ ಮುಗಿಸಿತು. ಕೆಳಗೆ ಬೀದಿ ಸಮತಟ್ಟಾಗುವಲ್ಲಿ ಮೆಕ್ಯಾನಿಕ್ಕಿನ ಶೆಡ್ಡು. ಅವನು ಯಾವುದೋ ಕಾರಿನ ಅಡಿಯಲ್ಲಿ ಮಲಗಿದ್ದ, ಹೊರಗೆ ಕಾಣುತ್ತಿದ್ದುದು ಅವನ ಎರಡು ಪಾದ ಮಾತ್ರ. ಟೀಚರಮ್ಮನ ಗಂಟಲಿನಿಂದ ಕೊನೆಯ “ಒತ್ತಿ” ಅರ್ಧ ಮುರಿದು ಹೊರಟಿತು. ಆ ಅರ್ಧವೇ ಸಾಕಾಯಿತು. ನೀಲಿ ಪಿಕಪ್ಪು ಆ ಪಾದಗಳಿಗೆ ಒಂದು ಮೊಳ ದೂರದಲ್ಲಿ, ಕುಂಚದಲ್ಲಿ ಬರೆದ ಹಾಗೆ ನೆಟ್ಟಗೆ ನಿಂತಿತು. ಪಾದಗಳು ಮೆಲ್ಲಗೆ ಒಳಗೆ ಸರಿದುಕೊಂಡವು. ಆಚೆ ಬದಿಯಿಂದ ಮೆಕ್ಯಾನಿಕ್ಕಿನ ತಲೆ ಎದ್ದಿತು.

ಟೀಚರಮ್ಮ ಬಂದು ಕಿಟಕಿಗೆ ಆತುಕೊಂಡರು. ಕಣ್ಣು ತುಂಬಿ ಬಂದಿತ್ತು. ಒಳಗೆ ಅತ್ತೆ ದಿಂಬಿಗೆ ಒರಗಿ, ಸ್ಟೀರಿಂಗ್ ಹಿಡಿದು, ಇದ್ದಲ್ಲೇ ಇದ್ದ ಹಾಗೆ ಕೂತಿದ್ದರು.

“ಅತ್ತೆ, ದಾರೀಲಿ ಹೋಗೋರು ಹೇಳಿದ್ರೆ ಯಾಕೆ ಬಿಟ್ರಿ?”

“ಬಿಡಿ ಅಂದ ತಕ್ಷಣ ಬಿಡಬೇಕು ಅಂದೆ. ಯಾರು ಅಂದಾಗ ಅಂತ ಹೇಳಿರಲಿಲ್ಲ,” ಅಂದರು ಅತ್ತೆ.

ಟೀಚರಮ್ಮ ಕಿಟಕಿಯೊಳಗೆ ಕೈ ಹಾಕಿ ಅತ್ತೆಯ ಕೈಯನ್ನು ಸುಮ್ಮನೆ ಹಿಡಿದುಕೊಂಡರು. ಆ ಕೈ ಮಂಜಿನಷ್ಟು ತಣ್ಣಗಿತ್ತು, ಬೆರಳುಗಳು ಸ್ಟೀರಿಂಗಿನಿಂದ ಬಿಡಿಸಿದರೂ ಬರುತ್ತಿರಲಿಲ್ಲ. ಮುದುಕಿಯೂ ಹೆದರಿದ್ದರು, ತೋರಿಸಿಕೊಂಡಿರಲಿಲ್ಲ ಅಷ್ಟೆ. ಸೊಸೆ ಆ ಬೆರಳುಗಳನ್ನು ಒಂದೊಂದಾಗಿ ಉಜ್ಜಿದರು. ಯಾರೂ ಕಾಣದ ಹಾಗೆ ಅತ್ತೆ ಅವರ ಮುಖದ ಗ್ರೀಸಿನ ಮೀಸೆಯನ್ನು ತಮ್ಮ ಕರವಸ್ತ್ರದಲ್ಲಿ ಒರೆಸಿದರು.

ಆಗ ಮೇಸ್ತ್ರಿ ಓಡೋಡಿ ಬಂದರು. ನಾಲ್ಕು ಕಾಲುಗಳು ಇನ್ನೂ ಕಂಕುಳಲ್ಲೇ ಇದ್ದವು. ತಾಯಿಗೆ ಏನೂ ಆಗಿಲ್ಲವೆಂದು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಹ್ಯಾಂಡ್‌ಬ್ರೇಕ್ ಕೊನೆಯ ತನಕ ಎಳೆದಿದ್ದೆ, ಆದರೂ ಗಾಡಿ ಹೇಗೆ ಹೋಯಿತು ಎಂದು ಟೀಚರಮ್ಮ ಕೇಳಿದಾಗ, ಅವರ ಕೈ ಕಿವಿಯ ಸಂದಿಯ ಪೆನ್ಸಿಲ್ಲಿಗೆ ಹೋಯಿತು.

“ಅದರ ಕೇಬಲ್ ಹೋಗಿ ಎರಡು ವಾರ ಆಯ್ತು,” ಅಂದರು. “ಗಾಡಿ ಹೇಗಿದ್ರೂ ನಿಂತಲ್ಲಿಂದ ಅಲ್ಲಾಡ್ತಿರಲಿಲ್ವಲ್ಲ. ಅದಕ್ಕೇ ನಾನು...”

ಬೀದಿ ನಕ್ಕಿತು. ಟೀಚರಮ್ಮ ಗಂಡನನ್ನು ನೋಡಿದರು. ಗಂಡ ಕಪಾಟಿನ ಕಾಲುಗಳನ್ನು ನೋಡಿದರು. ಇಬ್ಬರ ತಪ್ಪೂ ಸರಿಸಮವಾಗಿ ತೂಗಿದ್ದರಿಂದ ಆ ವಿಷಯ ಅಲ್ಲಿಗೇ ಮುಗಿಯಿತು.

ಮೆಕ್ಯಾನಿಕ್ಕಿಗೆ ನಗು ಬಂದಿರಲಿಲ್ಲ. ಅವನು ಗಾಡಿಯ ಬಲಚಕ್ರಕ್ಕೆ ಜಾಕ್ ಕೊಟ್ಟು ಎತ್ತಿ, ಬೆರಳಲ್ಲಿ ತಳ್ಳಿ ನೋಡಿದ. ಚಕ್ರ ತಿರುಗಿತು. ಪೆಡಲ್ ಒತ್ತಿ ಬಿಟ್ಟು ಮತ್ತೆ ತಳ್ಳಿದ. ಮತ್ತೆ ತಿರುಗಿತು. ಮೂರು ಸಲ ತನ್ನ ಕೈಗೆ ಸಿಕ್ಕದ್ದು ಯಾರ ಕೈಗೆ ಸಿಕ್ಕಿತು ಎಂದು ಕೇಳಿದ. ಟೀಚರಮ್ಮ ಇದೇ ಗಳಿಗೆಗಾಗಿ ಕಾದಿದ್ದವರು. ಏದುಸಿರೆಲ್ಲ ಎಲ್ಲಿ ಹೋಯಿತೋ, ಕಡ್ಡಿಯೊಂದನ್ನು ಎತ್ತಿಕೊಂಡು ಶೆಡ್ಡಿನ ಧೂಳಿನ ನೆಲದ ಮೇಲೆ ಚಿತ್ರ ಬರೆದರು. ಭಾಗಗಳನ್ನು ಗುರುತಿಸಿದರು. ಮುಚ್ಚಿದ ಪಾತ್ರೆಯ ದ್ರವ ಎಂದರು, ಸಮಾನ ಒತ್ತಡ ಎಂದರು, ಏಕಮುಖ ಕವಾಟ ಎಂದರು, ಮೂವರು ಆರೋಪಿಗಳು ಎಂದರು. ಐದು ನಿಮಿಷವಾಗುವಾಗ ಮೆಕ್ಯಾನಿಕ್ಕಿನ ಕಣ್ಣಿಗೆ ಹಿಂದಿನ ಬೆಂಚಿನ ಮಂಪರು ಇಳಿಯತೊಡಗಿತು. ತಲೆ ಆಡಿಸುತ್ತಿದ್ದ, ತಲೆಯೊಳಗೆ ಏನೂ ಇಳಿಯುತ್ತಿರಲಿಲ್ಲ. ಟೀಚರಮ್ಮನಿಗೆ ಆ ನೋಟ ಚೆನ್ನಾಗಿ ಗೊತ್ತಿತ್ತು.

ಅತ್ತೆ ಗಾಡಿಯಿಂದ ಇಳಿದು, ದಿಂಬನ್ನು ಕಂಕುಳಲ್ಲಿಟ್ಟುಕೊಂಡು, ಪಕ್ಕದಲ್ಲಿ ಬಂದು ನಿಂತಿದ್ದರು.

“ಪೈಪು ಒಳಗೆ ಊದಿಕೊಂಡಿತ್ತಪ್ಪ,” ಅಂದರು. “ಎಣ್ಣೆಗೆ ಒಳಗೆ ಬರೋಕೆ ಗೊತ್ತಿತ್ತು, ಎದ್ದು ಹೋಗೋಕೆ ಗೊತ್ತಿರಲಿಲ್ಲ. ಕೆಲವು ನೆಂಟರ ಥರ.”

ಮೆಕ್ಯಾನಿಕ್ ಹಣೆ ಬಡಿದುಕೊಂಡ. ಹೊರಗೆ ಚೆನ್ನಾಗಿದೆಯೆಂದು ತಾನು ಆ ಪೈಪನ್ನು ಮುಟ್ಟಲೇ ಇಲ್ಲವಲ್ಲ ಎಂದು ಹಲುಬಿದ. ಒಳಗೆ ಊದಿದ್ದರೆ ಹೊರಗೆ ಗೊತ್ತಾಗುವುದಾದರೂ ಹೇಗೆ ಎಂದು ಕೇಳಿದ, ಅತ್ತೆಯನ್ನು. ಅತ್ತೆ ಗಂಭೀರವಾಗಿ, ಮೇಲೊಮ್ಮೆ ಬಿಚ್ಚಿ ನೋಡಬೇಕು, ಕೆಳಗೊಮ್ಮೆ ಬಿಚ್ಚಿ ನೋಡಬೇಕು, ಎಲ್ಲಿ ಬಿಚ್ಚಿದಾಗ ಚಕ್ರ ಬಿಡುತ್ತದೋ ನೋಡಬೇಕು ಎಂದರು. ಮೂವತ್ತೊಂದು ವರ್ಷದ ಪಾಠ ಒಂದೂವರೆ ವಾಕ್ಯಕ್ಕೆ ಇಳಿದು ನಿಂತಿತ್ತು. ಮೆಕ್ಯಾನಿಕ್ ಅದನ್ನು ಗೋಡೆಯ ಮೇಲೆ ಪೆನ್ಸಿಲ್ಲಿನಿಂದ ಬರೆದುಕೊಂಡ. ಟೀಚರಮ್ಮ ಕೈಯಲ್ಲಿದ್ದ ಕಡ್ಡಿಯನ್ನು ಸದ್ದಿಲ್ಲದೆ ಪಕ್ಕಕ್ಕೆ ಎಸೆದರು.

ಹೊಸ ಕೇಬಲ್ಲನ್ನು ಮೆಕ್ಯಾನಿಕ್ಕೇ ಅಲ್ಲಿಯೇ ಹಾಕಿಕೊಟ್ಟ. ಸಂಜೆ ಐದಕ್ಕೆ ಕಪಾಟು ನಾಲ್ಕು ಕಾಲುಗಳ ಮೇಲೆ ವಾಚನಾಲಯದಲ್ಲಿ ನಿಂತಿತ್ತು. ಒಂದು ಕಾಲಿನ ಮೇಲೆ ಟೈರಿನ ಗುರುತು ತೆಳ್ಳಗೆ ಉಳಿದಿತ್ತು, ಅದನ್ನು ಮೇಸ್ತ್ರಿ ಗೋಡೆಯ ಕಡೆಗೆ ತಿರುಗಿಸಿ ಇಟ್ಟರು. ಅಲ್ಲಿ ಗ್ರಂಥಪಾಲಕರು, ಏನೋ ಗಾಡಿ ಗಲಾಟೆಯಂತೆ ಎಂದು ವಿಚಾರಿಸಿದಾಗ, ಬ್ರೇಕ್ ಕೆಟ್ಟಿತ್ತು, ನಮ್ಮ ಮನೆಯವಳೇ ಸರಿಮಾಡಿದಳು ಎಂದು ಮೇಸ್ತ್ರಿ ಎದೆಯುಬ್ಬಿಸಿ ಹೇಳಿದರಂತೆ. ಇದು ಟೀಚರಮ್ಮನ ಕಿವಿಗೆ ಬಿದ್ದು ಅವರು ನಾಲ್ಕು ದಿನ ನೆಲದಿಂದ ಒಂದು ಅಂಗುಲ ಮೇಲೆಯೇ ಓಡಾಡಿದರು. ಒಂದು ಹಸಿರು ಚೀಲ ಹೊಲಿಸಿಕೊಂಡು ಅದರಲ್ಲಿ ಸ್ಪ್ಯಾನರುಗಳನ್ನು ಅಳತೆಯ ಪ್ರಕಾರ ಜೋಡಿಸಿಟ್ಟರು.

ಐದನೆಯ ದಿನ ಮಧ್ಯಾಹ್ನ ಮನೆಯ ಮುಂದೆ ಹಾಲಿನ ವ್ಯಾನೊಂದು ಬಂದು ನಿಂತಿತು. ಡ್ರೈವರ್ ಇಳಿದು, ಟೋಪಿ ತೆಗೆದು, ಬ್ರೇಕ್ ಅಮ್ಮಾವರ ಮನೆ ಇದೇ ಅಲ್ಲವೇ ಎಂದು ಕೇಳಿದ. ಟೀಚರಮ್ಮ ಹಸಿರು ಚೀಲವನ್ನು ಕೈಗೆತ್ತಿಕೊಂಡೇ ಹೊರಗೆ ಬಂದರು. ಇದೇ ಎಂದರು. ಏನಾಗಿದೆ ಎಂದು ಕೇಳಿದರು.

ಡ್ರೈವರ್ ಅವರನ್ನೊಮ್ಮೆ, ಅವರ ಹಿಂದಿನ ಬಾಗಿಲನ್ನೊಮ್ಮೆ ನೋಡಿದ.

“ಕೆಳಗಿನ ಮೆಕ್ಯಾನಿಕ್ ಕಳಿಸಿದ್ರು. ವಯಸ್ಸಾದವರು, ಕನ್ನಡಕ, ಒಂದು ದಿಂಬು ಇಟ್ಕೊಂಡಿರ್ತಾರೆ ಅಂದ್ರು. ನೀವು ಅವರ ಸೊಸೆನಾ?”

“ಹೌದು,” ಅಂದರು ಟೀಚರಮ್ಮ. “ಊಟ ಮಾಡಿ ಮಲಗಿದಾರೆ. ನಾಲ್ಕು ಗಂಟೆಗೆ ಏಳ್ತಾರೆ. ಅಷ್ಟರೊಳಗೆ ಬೇಕಿದ್ರೆ ನಾನು ಚಕ್ರ ಬಿಚ್ಚಿ ಇಟ್ಟಿರ್ತೀನಿ.”

ಡ್ರೈವರ್ ತನ್ನ ವ್ಯಾನಿನ ಕಡೆ ನೋಡಿದ, ಚೀಲದ ಕಡೆ ನೋಡಿದ. ಸ್ವಲ್ಪ ಅನುಮಾನದಿಂದಲೇ ಕೇಳಿದ.

“ನಿಮಗೂ ಈ ಕೆಲಸ ಬರುತ್ತಾ ಅಮ್ಮ?”

ಟೀಚರಮ್ಮ ಚೀಲದ ದಾರ ಬಿಚ್ಚಿ, ಹದಿನೇಳನೆಯ ನಂಬರಿನ ಸ್ಪ್ಯಾನರನ್ನು ಹೊರಗೆ ತೆಗೆದರು.

“ಅವರ ಹತ್ರ ಕಲೀತಿದೀನಿ,” ಅಂದರು.